ಸೋಪಿಲ್ಲದ ಮನೆ

ಮನೆಯಿಂದ,
ಮಾರ್ಚ್ ೧೨, ಮಧ್ಯಾಹ್ನ

ಪ್ರೀತಿಯ ಮಗಳೇ,

ಹೇಗಿದ್ದೀಯಾ? ನರ್ಸ್ ತರಬೇತಿ ಎಂದು ಹಗಲಿಡೀ ನಿಂತೇ ಇರುತ್ತೀಯಂತೆ. ಕಾಲು ಊದಿಕೊಂಡರೆ ಬಿಸಿನೀರಿನಲ್ಲಿ ಇಟ್ಟುಕೊ, ಹೊತ್ತುಹೊತ್ತಿಗೆ ಊಟ ಮಾಡು. ನಿಮ್ಮ ಫೋನುಗಳನ್ನೆಲ್ಲ ಬೀಗ ಹಾಕಿಟ್ಟಿರುವ ಆ ವಾರ್ಡನ್ ಪುಣ್ಯಾತ್ಗಿತ್ತಿಗೆ ಮನೆಯವರ ಸಂಕಟ ಎಲ್ಲಿ ಅರ್ಥವಾಗಬೇಕು! ಪಕ್ಕದ ಮನೆಯ ಲಾರಿ ಡ್ರೈವರ್ ಇವತ್ತು ಸಂಜೆ ನಿನ್ನ ಕಡೆಗೇ ಹೊರಟಿದ್ದಾನೆ. ಈ ಪತ್ರ ಅವನ ಕೈಯಲ್ಲಿ ಕೊಡುತ್ತೇನೆ.

ನಾವೆಲ್ಲ ಇದ್ದೇವೆ. ನೀನು ಹೋಗುವಾಗ ನಿನ್ನ ಪುಟ್ಟ ಮಗಳು ಗುಂಡಮ್ಮನ ಕುತ್ತಿಗೆ, ಮೊಣಕೈ ಸಂದಿನಲ್ಲೆಲ್ಲ ಕೆಂಪು ಗುಳ್ಳೆ ಎದ್ದಿತ್ತಲ್ಲ, ಅದೀಗ ಹೇಳಹೆಸರಿಲ್ಲದಂತೆ ಹೋಗಿದೆ. ಮಾಡಿದ್ದು ಯಾರು? ಈ ನಿನ್ನ ಅಮ್ಮ! ಮನೆಯಲ್ಲಿದ್ದ ಸೋಪು, ಶಾಂಪೂ, ಬಟ್ಟೆ ಪುಡಿ ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿ ಕಸದ ಗಾಡಿಗೆ ಹಾಕಿಬಿಟ್ಟೆ. ಈಗ ಮೈಗೆ ನೆನೆಸಿದ ಜೇಡಿಮಣ್ಣು, ತಲೆಗೆ ನಿಂಬೆರಸದ ನೀರು, ಅಷ್ಟೇ. ನನ್ನ ಕೂದಲು ಮೊದಲು ಎಣ್ಣೆಯಲ್ಲಿ ಅದ್ದಿದ ಬತ್ತಿಯ ಹಾಗಾಗಿತ್ತು, ಈಗ ಹಗುರಾಗಿದೆ. ಕನ್ನಡಿ ಮುಂದೆ ನಿಂತರೆ ನನಗೇ ನಾಚಿಕೆ, ಈ ವಯಸ್ಸಿಗೆ ಇದೇನು ಬೆಡಗು ಎಂದು.

ನಿನ್ನ ಗಂಡ ಮೊದಮೊದಲು ಗೊಣಗಿದ. ನಿನಗೆ ಗೊತ್ತೇ ಇದೆ, ಹಳೇ ಬ್ಯಾಟರಿ ಒಡೆದು ಸೀಸ ಕರಗಿಸುವ ಆ ಶೆಡ್ಡಿನಿಂದ ಬಂದವನು ಬಚ್ಚಲಿಗೆ ನುಗ್ಗಿ, ಶೆಡ್ಡಿನವರೇ ಕೊಡುವ ಆ ಕೆಂಪು ಸೋಪಿನಲ್ಲಿ ಮೈ ಚರ್ಮ ಕಿತ್ತುಬರುವಂತೆ ಉಜ್ಜಿಕೊಳ್ಳದೆ ಮಗುವನ್ನು ಮುಟ್ಟುತ್ತಿರಲಿಲ್ಲ. ಆ ಘಾಟಿಗೇ ಮಗುವಿಗೆ ಗುಳ್ಳೆ ಏಳುವುದು ಎಂದು ನಾನು ಪಟ್ಟು ಹಿಡಿದೆ. ಪಾಪ, ಅತ್ತೆಯ ಮಾತು ತೆಗೆದುಹಾಕುವವನಲ್ಲ. "ಆಯ್ತು ಬಿಡಿ ಅತ್ತೆ, ಕಣ್ಣಿಗೆ ಕರಿ ಕಾಣದಿದ್ರೆ ಸಾಕಲ್ವಾ" ಎಂದು ನಕ್ಕು, ಅವನೂ ಮಣ್ಣಿಗೆ ಬಂದ. ಈಗ ಸಂಜೆ ಮಗುವಿಗೆ ಮಣ್ಣು ಹಚ್ಚಿ ಮೀಯಿಸುವುದೂ ಅವನೇ. ಅವಳು ಅಪ್ಪನ ಹೆಗಲೇರಿ ಕೂದಲನ್ನು ಎರಡೂ ಮುಷ್ಟಿಯಲ್ಲಿ ಹಿಡಿದುಕೊಂಡು ಮನೆಯೆಲ್ಲ ಸವಾರಿ ಮಾಡುತ್ತಾಳೆ. ಆಮೇಲೆ ಅದೇ ಮುಷ್ಟಿ ಬಾಯಿಗೆ. ನೋಡಲು ಚೆಂದ ಕಣೇ.

ಆದರೆ ಯಾಕೋ ನನ್ನ ಮನಸ್ಸು ನೆಟ್ಟಗಿಲ್ಲ. ಗುಂಡಮ್ಮ ಎಂದು ಕರೆಯಲು ಈಗ ಅವಳಲ್ಲಿ ಗುಂಡಗಿರುವುದೇನೂ ಉಳಿದಿಲ್ಲ. ಬಣ್ಣ ಬಿಳಿಚಿಕೊಂಡಿದೆ. ತುತ್ತು ಕಂಡರೆ ಮುಖ ತಿರುಗಿಸುತ್ತಾಳೆ, ಹೊಟ್ಟೆ ಹಿಡಿದುಕೊಂಡು ಅಳುತ್ತಾಳೆ, ಕಕ್ಕಸ್ಸಿಗೆ ಕೂತರೆ ಅದೊಂದು ಯುದ್ಧ. ಹಲ್ಲು ಬರುತ್ತಿರಬೇಕು, ನಿನ್ನ ನೆನಪಾಗುತ್ತಿರಬೇಕು ಎಂದು ಸಮಾಧಾನ ಮಾಡಿಕೊಂಡೆ. ಇನ್ನೊಂದು ಮಾತು ಬರೆಯಲೋ ಬೇಡವೋ ಎಂದು ಬೆಳಗಿನಿಂದ ಒದ್ದಾಡುತ್ತಿದ್ದೇನೆ. "ಬೆಕ್ಕು ಬಂತು", "ದೀಪ ಆರ್ಸು" ಎಂದು ಚಟಪಟ ಮಾತಾಡುತ್ತಿದ್ದವಳು, ಈಗ ಬೇಕಾದದ್ದಕ್ಕೆಲ್ಲ ಬರೀ ಬೆರಳು ತೋರಿಸುತ್ತಾಳೆ. ನಿನ್ನೆ ನಿನ್ನ ಫೋಟೋ ತೋರಿಸಿ ಯಾರಿದು ಎಂದು ಕೇಳಿದೆ. ಫೋಟೋ ನೋಡಿದಳು, ನನ್ನ ಮುಖ ನೋಡಿದಳು, ಬಾಯಿ ಬಿಡಲಿಲ್ಲ. ನನಗೆ ಭಯವಾಯಿತು ಮಗಳೇ.

ನಿನ್ನ ಗಂಡನಿಗೂ ತಲೆನೋವು, ಕೈಯಲ್ಲಿ ಲೋಟ ನಿಲ್ಲುವುದಿಲ್ಲ. ವಸಡಿನ ಅಂಚಿಗೆ ಪೆನ್ನಿನಲ್ಲಿ ಗೆರೆ ಎಳೆದಂತೆ ನೀಲಿ ಬಂದಿದೆ. ಹಲ್ಲಿಗೂ ಮಣ್ಣು ಹಚ್ಚುತ್ತೀಯೇನಪ್ಪ ಎಂದು ರೇಗಿಸಿದೆ. ಅವನು ನಗಲಿಲ್ಲ. ನಿಮ್ಮ ಟೀಚರುಗಳನ್ನು ಒಂದು ಮಾತು ಕೇಳಿ ನೋಡು.

ಮೈ ಕಡೆ ಗಮನವಿರಲಿ. ಓದಿ ಗೆದ್ದು ಬಾ, ನನ್ನ ಆಯಸ್ಸೂ ನಿನಗಿರಲಿ.

ನಿನ್ನ ಅಮ್ಮ

ಮರೆತ ಮಾತು: ಮರೆತದ್ದಲ್ಲ, ಈಗ ಗೊತ್ತಾದದ್ದು. ಲಕೋಟೆ ಅಂಟಿಸುವ ಹೊತ್ತಿಗೆ ಶೆಡ್ಡಿನ ಮೇಸ್ತ್ರಿ ಬಂದ. ಕೆಲಸದವರ ರಕ್ತ ಪರೀಕ್ಷೆ ಮಾಡಿಸಿದ್ದರಂತೆ, ನಿನ್ನ ಗಂಡನ ರಕ್ತದಲ್ಲಿ ಸೀಸ ವಿಪರೀತ ಸೇರಿದೆಯಂತೆ. ಅವನನ್ನು ಅಲ್ಲಿಂದಲೇ ಆಸ್ಪತ್ರೆಗೆ ಕಳಿಸಿದ್ದಾರೆ. "ಮನೆಗೆ ಬಂದು ಸೋಪು ಹಾಕಿ ತೊಳ್ಕೊಳ್ತಾನಲ್ವಾ?" ಎಂದು ಕೇಳಿದ. ನಮ್ಮ ಮನೆಯಲ್ಲಿ ಸೋಪೇ ಇಲ್ಲ ಎಂದು ನಾನು ಜಂಬದಿಂದ ಹೇಳಿದೆ. ಅವನು ನನ್ನ ಸೊಂಟದ ಮೇಲಿದ್ದ ಮಗುವನ್ನೇ ನೋಡಿದ. "ಆ ಧೂಳು ಬರೀ ನೀರಿಗೆ, ಮಣ್ಣಿಗೆ ಬಿಡಲ್ಲ ತಾಯಿ, ಅದಕ್ಕೇ ಸೋಪು ಕೊಡೋದು. ಮಗೂನ ಎತ್ಕೊಂಡು ಈಗ್ಲೇ ನಡೀರಿ" ಎಂದ. ಆಟೋ ಬಾಗಿಲಲ್ಲಿ ನಿಂತಿದೆ. ವಾರ್ಡನ್ ಕಾಲು ಹಿಡಿದಾದರೂ ಹೊರಟು ಬಾ. ಹೊರಡುವ ಮೊದಲು ಅವಳ ಕೈಯನ್ನಾದರೂ ತೊಳೆಯೋಣ ಎಂದು ಬಚ್ಚಲು, ಕಪಾಟು, ಅಟ್ಟ ಎಲ್ಲ ತಡಕಾಡಿದೆ. ಒಂದು ಚೂರು ಸೋಪು ಸಿಗಲಿಲ್ಲ ಕಣೇ. ಈ ಸಾಲು ಬರೆಯುತ್ತಿರುವಾಗಲೂ ಅವಳ ಮುಷ್ಟಿ ಬಾಯಲ್ಲೇ ಇದೆ.