ಎತ್ತಿ ಸರಿಸುವ ಬಾಗಿಲು

ಮಗಾ ಕೆನ್ಸಾಕು,

ನಿನ್ನ ಮಗಳು ನಾಗಿಸಾ ನಿನ್ನೆ ಒಬ್ಬ ಜರ್ಮನ್ ಪ್ರವಾಸಿಯನ್ನು ಮನೆಗೆ ಕರೆತಂದಳು. “ಪಾಪ, ಬಸ್ ತಪ್ಪೋಗಿದೆ ಅಜ್ಜಿ. ಈಗಷ್ಟೇ ಪರಿಚಯ” ಅಂದಳು. ಅತಿಥಿಯೆಂದು ಮೊದಲ ಸ್ನಾನಕ್ಕೆ ಅವನನ್ನೇ ಕಳಿಸಿದೆ.

ತೊಟ್ಟಿಯ ಬಿಸಿನೀರನ್ನು ಚೆಲ್ಲದೆ, ನಮಗಾಗಿ ಉಳಿಸಿ, ಮುಚ್ಚಳ ಮುಚ್ಚಿ ಬಂದ. ಅದನ್ನು ಪುಸ್ತಕದಲ್ಲಿ ಓದಿರಬಹುದು. ಆದರೆ ಸಿಕ್ಕಿಕೊಳ್ಳುವ ನಮ್ಮ ಬಚ್ಚಲ ಬಾಗಿಲನ್ನು, ಯಾರೂ ಹೇಳದೆಯೇ, ತುಸು ಎತ್ತಿ ಸರಿಸಿದ. ಅದು ಯಾವ ಪುಸ್ತಕದಲ್ಲಿದೆ?

ಊಟಕ್ಕೆ ಕೂತಾಗ “ಆ ಬಾಗಿಲು ತೆಗೆಯೋದು ಯಾರಪ್ಪಾ ಹೇಳಿಕೊಟ್ಟಿದ್ದು?” ಅಂದೆ. ಅವನು ನಾಗಿಸಾಳ ಮುಖ ನೋಡಿದ. “ಅಜ್ಜಿ, ಸಾರು ಆರ್ತಿದೆ, ಮೊದ್ಲು ಕುಡಿ” ಅಂದಳು ಅವಳು.

ಹೋದ ತಿಂಗಳು ನಾನು ಆಸ್ಪತ್ರೆಯಲ್ಲಿದ್ದಾಗ ಮನೆಯಲ್ಲಿದ್ದವಳು ಅವಳೊಬ್ಬಳೇ ಎಂದುಕೊಂಡಿದ್ದೆವು.

ಕೂಗಾಡಬೇಡ. ರಜೆಗೆ ಬರುವಾಗ ಸ್ನಾನದ ಮೇಲೆ ತೊಡುವ ಯುಕಾತಾ ದೊಡ್ಡ ಅಳತೆಯದೊಂದು ತಾ. ನಿನ್ನಪ್ಪನದು ಆ ಹುಡುಗನಿಗೆ ಮೊಣಕಾಲಿಗೇ ಮುಗಿದುಹೋಗುತ್ತದೆ.

ನಿನ್ನ ಅಮ್ಮ,
ಫುಸಾನೊ