ನಾಡಿ ಹಿಡಿಯದ ಮನೆ

ಭಾನುವಾರ, ಮಧ್ಯಾಹ್ನ
ಆಸ್ಪತ್ರೆಯ ವರಾಂಡದಿಂದ

ನನ್ನ ಮುದ್ದು ಮಗಳೇ,

ನೀನೂ ಕೂಸೂ ಚೆನ್ನಾಗಿದ್ದೀರೆಂದು ಅಳಿಯಂದಿರು ತಿಳಿಸಿದರು. ಇಷ್ಟು ದಿನ ಅಮ್ಮ ಒಂದು ಸಾಲೂ ಬರೆಯಲಿಲ್ಲ ಎಂದು ಬೈದುಕೊಂಡಿರುತ್ತೀ, ಬೈಯಿ. ನೀನು ಫೋನ್ ಮಾಡಿದಾಗೆಲ್ಲ ಒಲೆಯ ಮೇಲೆ ಹಾಲಿದೆ ಎಂದು ಇಟ್ಟುಬಿಡುತ್ತಿದ್ದೆನಲ್ಲ, ಹಾಲೂ ಇರಲಿಲ್ಲ, ಒಲೆಯೂ ಉರಿಯುತ್ತಿರಲಿಲ್ಲ. "ಹಸಿ ಬಾಣಂತಿ, ಅವಳಿಗೇನೂ ಹೇಳ್ಬೇಡ" ಎಂದು ನಿಮ್ಮಪ್ಪ ಕಟ್ಟಪ್ಪಣೆ ಮಾಡಿದ್ದರು. ನಿನ್ನ ದನಿ ಕೇಳಿದರೆ ನನಗೆ ಅಳು ಬರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ತಮ್ಮನಿಗೆ ಊರೆಲ್ಲ ಹಬ್ಬಿರುವ ಆ ಶ್ವಾಸಕೋಶದ ಜ್ವರವೇ ಬಂದಿದೆ. ಗುರುವಾರ ಇಲ್ಲಿಗೆ ಸೇರಿಸಿದೆವು. ಮಾಸ್ಕಿನಲ್ಲಿ ಆಕ್ಸಿಜನ್ ಕೊಡುತ್ತಿದ್ದಾರೆ.

ಈ ವೈರಸ್ಸು ಯಾವ ದೇಹಪ್ರಕೃತಿಯವರನ್ನು ಹೆಚ್ಚು ಕಾಡುತ್ತದೆ ಎಂದು ನೋಡುವುದಕ್ಕೆ ಇದೇ ಆಸ್ಪತ್ರೆಯವರು ನಾಡಿ ವೈದ್ಯರೆಂದು ನಿಮ್ಮಪ್ಪನನ್ನು ಕರೆಸಿಕೊಂಡಿದ್ದರು. ಹೊಸ ಮದುಮಗನ ಹಾಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊರಡುತ್ತಿದ್ದರು. ಒಬ್ಬೊಬ್ಬ ರೋಗಿಯ ಪಕ್ಕ ಕೂತು ನಾಡಿ ಹಿಡಿದು, ಹಸಿವು ಹೇಗೆ, ನಿದ್ದೆ ಹೇಗೆ, ಚಿಕ್ಕಂದಿನಲ್ಲಿ ಮೈಕಟ್ಟು ಹೇಗಿತ್ತು ಎಂದು ಕೇಳುವುದು. ಇಷ್ಟೇ ರೋಗಿಗಳ ಲೆಕ್ಕದಿಂದ ಏನೂ ಹೇಳುವ ಹಾಗಿಲ್ಲ ಎಂದು ಅಲ್ಲಿನ ಡಾಕ್ಟರಮ್ಮ ಹೇಳುತ್ತಲೇ ಇದ್ದರಂತೆ. ಇವರಿಗೆ ತಾಳ್ಮೆಯೆಲ್ಲಿ? ಕಫದವರು ಉಸಿರಿಗೆ ಒದ್ದಾಡುತ್ತಾರೆ, ವಾತದವರು ನಾಲ್ಕು ದಿನ ಕೆಮ್ಮಿ ಎದ್ದು ಹೋಗುತ್ತಾರೆ ಎಂದು ಊಟಕ್ಕೆ ಕೂತಲ್ಲೇ ತೀರ್ಪು ಕೊಟ್ಟರು. ನಾನು ಪಿತ್ತವಂತೆ. ಅದಕ್ಕೆ ನಾಡಿ ನೋಡುವುದೇ ಬೇಡ, ನನ್ನ ಬಾಯಿ ಕೇಳಿದರೆ ಸಾಕಂತೆ.

ಮನೆಯವರ ನಾಡಿಯನ್ನು ಅವರು ಹಿಡಿಯುವುದಿಲ್ಲ, ನಿನಗೆ ಗೊತ್ತೇ ಇದೆ. ಮಮತೆ ಇರುವ ಬೆರಳು ಸುಳ್ಳು ಹೇಳುತ್ತದೆ ಎಂದು ಅವರ ಗುರುಗಳು ಹೇಳಿದ್ದರಂತೆ. ಹಾಗಾಗಿ ನಿನ್ನ ತಮ್ಮನನ್ನು ಕಣ್ಣಳತೆಯಲ್ಲೇ ವಾತಕ್ಕೆ ಸೇರಿಸಿದ್ದರು. ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಗೆ ಸೇರಿದ ಮೇಲೆ ಅವನು ಕಡ್ಡಿಯಾಗಿದ್ದಾನಲ್ಲ, ಸರಿಯಾಗಿ ನಿದ್ದೆಯಿಲ್ಲ, ಚರ್ಮ ಒಣ ಒಣ. "ಏನಪ್ಪಾ ಇಷ್ಟು ಸೊರಗಿದ್ದೀಯ?" ಎಂದು ಯಾರಾದರೂ ಕೇಳಿದರೆ ಅವನೇ ನಗುತ್ತಾ, "ನಮ್ಮದು ವಾತದ ಮೈ" ಎನ್ನುತ್ತಿದ್ದ.

ಜ್ವರ ಬಂದು ಮೂರನೇ ದಿನಕ್ಕೆ ಅವನಿಗೆ ಒಂದು ಮಾತು ಪೂರ್ತಿ ಆಡಲು ಆಗುತ್ತಿರಲಿಲ್ಲ. ಆಸ್ಪತ್ರೆಗೆ ಹೋಗೋಣ ಎಂದೆ. "ವಾತದವನಿಗೆ ಅಲ್ಲೇನು ಕೆಲಸ? ಆ ಹಾಸಿಗೆ ಬೇಕಾದವರಿಗೆ ಇರ್ಲಿ ಬಿಡು," ಎಂದರು ನಿಮ್ಮಪ್ಪ. ಮೊಲಕ್ಕೆ ಮೂರೇ ಕಾಲು. ಅವನಾದರೂ ನನ್ನ ಕಡೆ ನಿಲ್ಲಬೇಕೋ ಬೇಡವೋ? "ಅಪ್ಪ... ಹೇಳಿದಾರಲ್ಲಮ್ಮ," ಎಂದು ಗೋಡೆಗೆ ಒರಗಿ ಕೂತ. ಅವನ ತುಟಿ ನೀಲಿಗಟ್ಟಿತ್ತು.

ಆಗ ನನಗೆ ಸಿಟ್ಟು ನೆತ್ತಿಗೇರಿತು. "ಹುಟ್ಟಿದ ಪ್ರಕೃತಿ ಸಾಯೋವರೆಗೂ ಬದಲಾಗಲ್ಲ ಅಂತ ಬಂದವರಿಗೆಲ್ಲ ಹೇಳ್ತೀರಲ್ಲ," ಎಂದೆ, "ಚಿಕ್ಕಂದಿನಲ್ಲಿ ಇವನನ್ನ ಎತ್ತಿ ಎತ್ತಿ ನನ್ನ ಸೊಂಟ ಬಿದ್ದುಹೋಗ್ತಿತ್ತು. ಗುಂಡ ಗುಂಡ ಅಂತ ಇಡೀ ಬೀದಿ ಕರೀತಿತ್ತು. ಮಲಗಿದ್ರೆ ತಲೆ ಮೇಲೆ ತಮಟೆ ಬಡಿದ್ರೂ ಏಳ್ತಿರ್ಲಿಲ್ಲ. ಆ ಕಫದ ಗುಂಡ ಎಲ್ಲಿಗೆ ಹೋದ, ಹೇಳಿ ನೋಡೋಣ?"

ನಿಮ್ಮಪ್ಪ ಹೋಗಿ ಅವನ ಮುಂದೆ ನೆಲದ ಮೇಲೆ ಕೂತು, ಗುರುಗಳ ಮಾತು ಮೀರಿ, ಅವನ ಕೈ ಹಿಡಿದರು. ಬಹಳ ಹೊತ್ತು ಹಿಡಿದೇ ಇದ್ದರು. ಆಮೇಲೆ ಎದ್ದವರು ಚಪ್ಪಲಿಯನ್ನೂ ಹಾಕದೆ ಆಂಬುಲೆನ್ಸ್ ಕರೆಯಲು ಬೀದಿಗೆ ಓಡಿದರು.

ಡಾಕ್ಟರಮ್ಮ ಎಕ್ಸ್‌ರೇ ತೋರಿಸಿದರು. ಕಲ್ಲಿನ ಧೂಳು ಅವನ ಶ್ವಾಸಕೋಶವನ್ನು ಎಂದಿನಿಂದಲೋ ತಿನ್ನುತ್ತಿತ್ತಂತೆ, ಜ್ವರ ಈಗ ಬಂದು ಸೇರಿಕೊಂಡಿದೆ. "ಇವರು ಇಷ್ಟು ಸಣ್ಣಗಾಗಿದ್ದು ನೋಡಿ ನಿಮಗೆ ಅನುಮಾನ ಬರಲಿಲ್ವಾ?" ಎಂದು ಕೇಳಿದರು. ನಿಮ್ಮಪ್ಪ, "ರೋಗವನ್ನೇ ಪ್ರಕೃತಿ ಅಂದುಕೊಂಡೆ ತಾಯಿ," ಎಂದರು. ಅವರ ಮೇಲೆ ಕೆಂಡದಂಥ ಕೋಪವಿತ್ತು ನನಗೆ. ಆ ಮಾತು ಕೇಳಿದ ಮೇಲೆ ಎಲ್ಲಿ ಹೋಯಿತೋ.

ನೀನು ಹೊರಟು ಬರುವ ಹುಚ್ಚು ಮಾಡಬೇಡ. ಕೂಸಿನ ತಲೆಗೆ ಗಾಳಿ ಸೋಕದ ಹಾಗೆ ನೋಡಿಕೋ, ಹೊತ್ತು ಹೊತ್ತಿಗೆ ಉಣ್ಣು. ನಿಮ್ಮಿಬ್ಬರ ಆಯುಸ್ಸು ಗಟ್ಟಿಯಾಗಿರಲಿ, ನಿಮ್ಮ ಮನೆಯಲ್ಲಿ ನಗು ತುಂಬಿರಲಿ.

ನಿನ್ನ
ಅಮ್ಮ

ತಾ.ಕ.: ಮೇಲೆ ಮಾಸ್ಕು ಎಂದು ಬರೆದೆ. ಅದು ನಿನ್ನೆಯ ಮಾತು. ಇವತ್ತು ಬೆಳಿಗ್ಗೆ ಗಂಟಲಿಗೆ ಕೊಳವೆ ಹಾಕಿದ್ದಾರೆ, ಎಚ್ಚರವಿಲ್ಲ. ಎರಡು ದಿನ ಕಾಯಿರಿ ಎನ್ನುತ್ತಾರೆ, ಮುಂದಕ್ಕೆ ಏನೂ ಹೇಳುವುದಿಲ್ಲ. ನಿಮ್ಮಪ್ಪ ಎಲ್ಲ ರೋಗಿಗಳಿಗೂ ಕೊನೆಗೆ ಕೇಳುವ ಒಂದು ಪ್ರಶ್ನೆಯಿದೆಯಂತೆ, ನಿಮಗೆ ಎಂಥ ಕನಸು ಬೀಳುತ್ತದೆ ಎಂದು. ಕಫದವರಿಗೆ ನೀರು, ಕೆರೆ ಕಾಣುತ್ತದಂತೆ, ವಾತದವರು ಹಾರುತ್ತಾರಂತೆ. ಈಗ ನಿಮ್ಮಪ್ಪ ಅವನ ಹಾಸಿಗೆಯ ಪಕ್ಕ ನಿಂತು, "ಇವನಿಗೆ ಎಂಥ ಕನಸು ಬೀಳ್ತಿತ್ತೇ?" ಎಂದು ನನ್ನನ್ನು ಕೇಳಿದರು. ನನಗೆ ಗೊತ್ತಿರಲಿಲ್ಲ ಮಗಳೇ. ಹೆತ್ತವಳಿಗೆ ಗೊತ್ತಿರಲಿಲ್ಲ. ಅವನು ನಿನ್ನ ಹತ್ತಿರ ಎಲ್ಲವನ್ನೂ ಹೇಳಿಕೊಳ್ಳುತ್ತಿದ್ದ. ಕನಸಿನ ಮಾತನ್ನು ಯಾವತ್ತಾದರೂ ಆಡಿದ್ದರೆ ನನಗೆ ಬರೆದು ತಿಳಿಸು. ಅದರಿಂದ ಔಷಧಿಯೇನೂ ಬದಲಾಗುವುದಿಲ್ಲ. ಅವನ ಅಪ್ಪನಿಗೆ ಹೇಳಬೇಕು.