ಮೊಟ್ಟೆಯಡಿ ಸಿಕ್ಕ ಗುಂಡು

ರೀ,

ಕಾಣೆಯಾಗಿದ್ದ ಉಕ್ಕಿನ ಗುಂಡು ಸಿಕ್ಕಿತು. ಬಟ್ಟಲಲ್ಲಿ ಇಟ್ಟಿದ್ದೇನೆ. ಗೇರ್‌ಬಾಕ್ಸಿನ ಸಾಮಾನನ್ನು ಮೊಟ್ಟೆ ಟ್ರೇಯಲ್ಲಿ ಜೋಡಿಸಿದರೆ ಇನ್ನೇನಾಗುತ್ತದೆ? ನೋಡದೆ ಅದರ ಮೇಲೇ ಮೊಟ್ಟೆ ಇಟ್ಟುಬಿಟ್ಟಿದ್ದೆ.

ಆದರೂ ನಿಮ್ಮನ್ನು ಮೆಚ್ಚಬೇಕು. ಗೇರ್‌ಬಾಕ್ಸ್ ಕೂರಿಸಿ, ಕಾರನ್ನು ಒಂದು ಸುತ್ತು ಓಡಿಸಿ ಬಂದು, "ಮೂರನೇ ಗೇರ್ ಬೀಳ್ತಿಲ್ಲ ಕಣೇ, ಒಳಗೆ ಎಣ್ಣೆ ದಾರಿ ತಪ್ತಿದೆ, ಅದನ್ನ ತಡೆಯೋ ಒಂದು ಗುಂಡು ಕಡಿಮೆ" ಅಂದಿರಿ. "ಕಡಿಮೆ ಇರೋದು ನಿಮ್ಮ ತಲೆ ಸ್ಕ್ರೂ" ಅಂತ ನಾನು ರೇಗಿದೆ. ಕಡಲೆಕಾಳಿನಷ್ಟು ಗುಂಡು ಇಲ್ಲವೆಂದು ಮತ್ತೆ ಬಿಚ್ಚದೆಯೇ ಹೇಳುವುದು ಎಲ್ಲರಿಗೂ ಬರುವ ವಿದ್ಯೆಯಲ್ಲ.

ಕಾರನ್ನು ಗುಜರಿಗೆ ಹಾಕುತ್ತೇನೆಂದು ಮುಖ ಇಳಿಬಿಟ್ಟುಕೊಂಡು ಮಲಗಿದಿರಲ್ಲ, ಆ ಗುಜರಿಯವನಿಗೆ ಬರಬೇಡ ಅಂತ ಫೋನ್ ಮಾಡಿದ್ದೇನೆ. ತಿಂಡಿ ತಿಂದು ಮತ್ತೆ ಬಿಚ್ಚಿ. ಈಗ ಕೆಲಸಕ್ಕೆ ಬಸ್ಸಿನಲ್ಲಿ ಹೋಗುತ್ತೇನೆ. ಸಂಜೆ ಹೊಲಿಗೆ ಕಾರ್ಖಾನೆಯ ಗೇಟಿನಲ್ಲಿ, ಎಲ್ಲರೂ ನೋಡುವ ಹಾಗೆ, ನಮ್ಮ ಕಾರು ನಿಂತಿರಬೇಕು.